ಒತ್ತಿದವರಿಗೆ ಏನು

ದಕ್ಷಿಣ ಕೊರಿಯಾದ ಸೋಲ್ ನಗರದ ಆಸ್ಪತ್ರೆಯೊಂದರಲ್ಲಿ ನನ್ನ ಪಕ್ಕ ಬಿಳಿಕೋಲು ಹಿಡಿದ ಇಬ್ಬರು ಹೆಂಗಸರು ಕುಳಿತಿದ್ದರು. ಇಬ್ಬರಿಗೂ ಕಣ್ಣಿಲ್ಲ, ಇಬ್ಬರದೂ ಮಾಲೀಶಿನ ಕೆಲಸ.

"ಓಕ್‌ಬುನ್ ಅಕ್ಕ, ಡಾಕ್ಟರ್ ಏನಂದ್ರು?"

"ಬೆರಳಿನ ನರ ಜಜ್ಜಿಹೋಗಿದೆಯಂತೆ. ಕೆಲಸ ಬಿಡದೆ ಜೋಮು ಹೋಗಲ್ವಂತೆ."

"ನಮ್ಮ ಸಾಹುಕಾರ ದಿನಾ ಗಿರಾಕಿಗಳಿಗೆ ಪಾಠ ಒಪ್ಪಿಸ್ತಾನಲ್ಲ, ಎಣ್ಣೆ ಮಾಲೀಶಿಗೆ ನಿದ್ದೆ ಬರುತ್ತೆ, ಬಿಸಿಕಲ್ಲಿಗೆ ರಕ್ತ ಓಡುತ್ತೆ, ಪಾದ ಒತ್ತಿಸ್ಕೊಂಡ್ರೆ ಆಯಸ್ಸು ಅಂತ."

"ಒತ್ತಿದವರಿಗೆ ಏನು ಅಂತ ಹೇಳಿದಾನಾ?"

"ಬಿಡ್ತೀಯಾ ಹಾಗಾದ್ರೆ?"

"ಬಿಟ್ಟು ಏನು ಮಾಡ್ಲಿ, ಮಿರಾನ್? ಕಣ್ಣಿಲ್ಲದವರಿಗೆ ಅಂತ ಕಾನೂನು ಎತ್ತಿಟ್ಟಿರೋದು ಇದೊಂದೇ ಕೆಲಸ. ನಿನ್ನೆ ಒಬ್ಬ ದೊಡ್ಡ ಮನುಷ್ಯ ಬೋರಲು ಮಲಗಿಕೊಂಡೇ ಹೊಗಳಿದ, ನಮಗೆ ಬೆರಳಲ್ಲೇ ಕಣ್ಣಿರುತ್ತಂತೆ."

"ಪುಣ್ಯಾತ್ಮ."

ಎದ್ದು ಲಿಫ್ಟಿನ ಬಳಿ ಹೋದರು. ಗುಂಡಿಯ ಮೇಲಿನ ಉಬ್ಬುಚುಕ್ಕಿ ಅಕ್ಷರವನ್ನು ಓಕ್‌ಬುನ್ ಎರಡು ಸಲ ಸವರಿ, ಕೈ ತೆಗೆದಳು.

"ನೀನೇ ಓದೇ. ನನ್ನ ಕಣ್ಣು ಆ ದೊಡ್ಡ ಮನುಷ್ಯನ ಬೆನ್ನಲ್ಲೇ ಉಳಿದುಹೋಯ್ತು."