ಹಾಸಿದ ಕಂಬಳಿ

ಅಜಿಲಾಲ್ ಪಟ್ಟಣದ ಆಸ್ಪತ್ರೆ ಗೇಟಿನ ಬಳಿ ತನ್ನೂರಿನ ವ್ಯಾನಿಗೆ ಕಾಯುತ್ತಿದ್ದ ರಖಿಯಾಳ ಪಕ್ಕದಲ್ಲೇ ಒಬ್ಬ ಮುದುಕಿಯೂ ಅವಳ ಮೈದುನನೂ ಕೂತಿದ್ದರು. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

“ನಾಯಿ ಇನ್ನೂ ಬೆಟ್ಟದ ಮೇಲೇನಾ, ಬಾಸ್ಸು?”

“ಅಲ್ಲೇ ಅತ್ತಿಗೆ. ಅಣ್ಣ ಹಾಸಿದ ಕಂಬಳಿ ಬಿಟ್ಟು ಅಲ್ಲಾಡ್ತಿಲ್ಲ. ಕುರಿಯೆಲ್ಲ ಇಳಿಸ್ಕೊಂಡು ಬಂದೆ, ತಿರುಗಿಯೂ ನೋಡಲಿಲ್ಲ.”

“‘ಸಾಕು, ಏಳು’ ಅನ್ಬೇಕಿತ್ತು.”

“ಗಂಟಲು ಹರಿಯೋ ಹಾಗೆ ಅಂದೆ. ಅಣ್ಣನ ಥರಾನೇ ಅಂದೆ. ಕಿವಿ ನಿಮಿರಿಸ್ತು, ಮತ್ತೆ ಮಲಗ್ತು. ಕಂಬಳಿ ಎಳೆಯೋಕೆ ಹೋದ್ರೆ ಹಲ್ಲು ತೋರಿಸ್ತು.”

“ಕುರಿಕಳ್ಳರು ಕರೆದ್ರೂ ಏಳಬಾರ್ದು, ತಮ್ಮ ದನಿಗೆ ಮಾತ್ರ ಏಳಬೇಕು ಅಂತ ಕಲಿಸಿದ್ರು. ಊರಿಗೆಲ್ಲ ಅದೇ ಜಂಬ ಕೊಚ್ಕೊಂಡ್ರು.”

“ಉಪ್ಪು ತರೋಕೆ ಸಂತೆಗೆ ಇಳಿದ ಅಣ್ಣ ಅಲ್ಲೇ ಲಕ್ವ ಹೊಡೆದು ಬೀಳ್ತಾನೆ ಅಂತ ಯಾರಿಗೆ ಗೊತ್ತಿತ್ತು? ಡಾಕ್ಟ್ರು ಏನಂದ್ರು?”

“ಮಾತು ಇನ್ನು ಬರಲ್ಲ ಅಂದ್ರು.”

“ಮೇಲೆ ಹಿಮ ಶುರುವಾಗಿದೆ, ಅತ್ತಿಗೆ.”

ಬೆಟ್ಟದ ಕಡೆಯ ವ್ಯಾನ್ ಬಂತು. ಬಾಸ್ಸು ಎದ್ದು, ಬಾಗಿಲು ಹಿಡಿದುಕೊಂಡು ಕೇಳಿದ:

“ಅಣ್ಣಂಗೆ ನಾಯಿ ನೆನಪಾದ್ರೂ ಇದ್ಯಾ?”

“ಬೆಳಗ್ಗೆಯಿಂದ ಅವರ ತುಟಿ ಅದೊಂದನ್ನೇ ಆಡ್ತಿದೆ ಕಣೋ. ‘ಸಾಕು, ಏಳು. ಸಾಕು, ಏಳು.’ ದನಿ ಮಾತ್ರ ಹೊರಡ್ತಿಲ್ಲ.”

ವ್ಯಾನ್ ಹೊರಟಿತು. ಮುದುಕಿ ಆಸ್ಪತ್ರೆಯೊಳಕ್ಕೆ ನಡೆದಳು.