ಹಿಂಬದಿಯ ನೀಲಿ ದೀಪ

ಅವನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಬುಧವಾರ, ಒಂಬತ್ತನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ. ಆಮೇಲೆ ಊರೂರು ಸುತ್ತಿ, ಸಿಕ್ಕಸಿಕ್ಕ ಅಂಗಡಿಯಲ್ಲಿ ಕೂತು ಕಂಪ್ಯೂಟರ್ ರಿಪೇರಿ ಕಲಿತ. ಯಾರ ಮಾತಿಗೂ ನಿಲ್ಲದವನು ಅಕ್ಕನ ಒಂದು ಫೋನಿಗೆ ಮಾತ್ರ ಓಡಿ ಬರುತ್ತಿದ್ದ. ಇದು ಹಾಗೆ ಬಂದಾಗ ನಡೆದದ್ದು. ರಾತ್ರಿಯಲ್ಲ... ಮಟಮಟ ಮಧ್ಯಾಹ್ನ.

ಅಕ್ಕ ಒಂದು ಆಸ್ಪತ್ರೆಯ ದಾಖಲೆ ವಿಭಾಗ ನೋಡಿಕೊಳ್ಳುತ್ತಿದ್ದಳು. ನೆಲಮಾಳಿಗೆಯ ಕೋಣೆಯಲ್ಲಿ ಅಕ್ಕಪಕ್ಕ ಎರಡು ಸರ್ವರ್, ತದ್ರೂಪು. ಎಡಗಡೆಯದು ಅಣ್ಣ, ಬಲಗಡೆಯದು ತಮ್ಮ ಅಂತ ಸಿಬ್ಬಂದಿಯೇ ಹೆಸರಿಟ್ಟಿದ್ದರು. ಅವತ್ತು ಬೆಳಿಗ್ಗೆಯಿಂದ ಅಣ್ಣ ಏಳಲೊಲ್ಲ. ಇಡೀ ಆಸ್ಪತ್ರೆಯ ಸ್ಕ್ಯಾನು, ರಿಪೋರ್ಟು ತಮ್ಮನೊಬ್ಬನ ತಲೆ ಮೇಲೆ. ಸರ್ವರ್ ಕಂಪನಿಯವನು ಬರಲು ಇನ್ನೂ ಎರಡು ದಿನ. ಹೊರಗಿನವರನ್ನು ಒಳಗೆ ಬಿಡುವಂತಿಲ್ಲ. ಆದರೂ ಅಕ್ಕ ಬೀಗ ತೆಗೆದಳು.

"ಏನಾದ್ರೂ ಆದ್ರೆ ನನ್ನ ಕೆಲಸ ಹೋಗತ್ತೆ ಕಣೋ," ಎಂದಳು ಮೆಲ್ಲಗೆ.

"ಆಗಲ್ಲ ಬಿಡೇ."

ಅಣ್ಣನ ಮುಂದೆ ಕಿತ್ತಳೆ ದೀಪ. ಒಂದು ಉದ್ದ ಬೀಪ್... ಮೂರು ಗಿಡ್ಡ. ಪುಟ್ಟ ಪರದೆಯ ಕೋಡು ಕೂಡ ಅದನ್ನೇ ಹೇಳಿತು: ನಾಲ್ಕನೇ ಮೆಮೊರಿ ಪಟ್ಟಿ ಸತ್ತಿದೆ. ಹಿಂದಿನಿಂದ ಕರೆಂಟಿನ ಎರಡು ಕೇಬಲ್ ಕಿತ್ತು ಅದನ್ನು ಬದಲಿಸಿದರೆ ಹತ್ತು ನಿಮಿಷದ ಕೆಲಸ. ಹಿಂದೆ ಹೋದಾಗ ಎಡ ಬಲವಾಗುತ್ತದಲ್ಲ, ಅದಕ್ಕೇ ಪ್ರತಿ ಸರ್ವರಿಗೂ ಮುಂದೊಂದು ಹಿಂದೊಂದು ಗುರುತಿನ ಗುಂಡಿ. ಯಾವುದನ್ನು ಒತ್ತಿದರೂ ಎರಡೂ ಕಡೆ ನೀಲಿ ದೀಪ ಹತ್ತುತ್ತದೆ, ಇನ್ನೊಮ್ಮೆ ಒತ್ತಿದರೆ ಆರುತ್ತದೆ. ಅಣ್ಣನ ಮುಂದಿನ ಗುಂಡಿ ಒತ್ತಿದ. ಹತ್ತಿತು. ಬಗ್ಗಿ ಚೀಲದಲ್ಲಿ ಸ್ಕ್ರೂ ಡ್ರೈವರ್ ಹುಡುಕುವಾಗ ಹಿಂದಿನಿಂದ ಸದ್ದು.

ಟಿಕ್...

"ಅಕ್ಕಾ, ಹಿಂದೆ ಯಾರಿದಾರೆ?"

"ಯಾರಿರ್ತಾರೋ. ಗೋಡೆ ಇದೆ."

ಹಿಂದಕ್ಕೆ ಹೋಗಲು ಇದ್ದದ್ದು ಒಂದೇ ಸಂದು. ಅದರ ಬಾಯಲ್ಲಿ ಇವನೇ ನಿಂತಿದ್ದ.

ಮೈ ಓರೆ ಮಾಡಿ ನುಗ್ಗಿದ. ಫ್ಯಾನುಗಳ ಭೋರ್... ಯಾರೂ ಇಲ್ಲ. ನೀಲಿ ದೀಪ ಉರಿಯುತ್ತಿದ್ದದ್ದು ಎಡಗಡೆಯದರಲ್ಲಿ. ಬಲಗಡೆ ಇರಬೇಕಿತ್ತಲ್ಲ? ಒಮ್ಮೆ ಯೋಚಿಸಿದ, ಮತ್ತೊಮ್ಮೆ ಯೋಚಿಸಿದ. ದೀಪ ಯಾಕೆ ಸುಳ್ಳು ಹೇಳತ್ತೆ? ತನ್ನ ತಲೆಯೇ ಕೆಟ್ಟಿರಬೇಕು.

ದೀಪ ಉರಿಯುತ್ತಿದ್ದುದರ ಎರಡೂ ಕೇಬಲ್ ಕಿತ್ತ.

ಭೋರ್ ಅರ್ಧಕ್ಕರ್ಧ ಇಳಿಯಿತು. ಆಮೇಲೆ... ಒಂದು ಉದ್ದ ಬೀಪ್. ಮೂರು ಗಿಡ್ಡ. ಅಣ್ಣ ಇನ್ನೂ ಕೂಗುತ್ತಲೇ ಇದ್ದ. ಕಿತ್ತದ್ದು ತಮ್ಮನದು.

ಮೇಲಿನ ಮಹಡಿಯಲ್ಲಿ ಫೋನುಗಳು ಒಂದರ ಹಿಂದೊಂದು ಬಡಿದುಕೊಳ್ಳತೊಡಗಿದವು. ಕೇಬಲ್ ಮತ್ತೆ ಸಿಕ್ಕಿಸಿದ. ಆರು ವರ್ಷ ನಿಲ್ಲದೆ ತಿರುಗಿದ ಡಿಸ್ಕುಗಳು ಒಮ್ಮೆ ನಿಂತರೆ ಏಳುವುದು ಕಷ್ಟ. ತಮ್ಮನೊಳಗೆ ಟಕ್... ಟಕ್... ಅಂದಿತು. ಡಿಸ್ಕಿನ ಹಸಿರು ದೀಪಗಳು ಒಂದೊಂದಾಗಿ ಕೆಂಪಾದವು. ಇವನು ಕೈಕಟ್ಟಿ ನೋಡಿದ. ಬೇರೇನು ಮಾಡಲಿ?

ಮೆಮೊರಿ ಹಾಕಿದ ಮೇಲೆ ಅಣ್ಣನೇನೋ ಎದ್ದ. ಆದರೆ ತಮ್ಮನಿಂದ ಅವನಿಗೆ ನಕಲಾಗುವುದು ಯಾರಿಗೂ ತಿಳಿಯದೆ ಎಂದೋ ನಿಂತಿತ್ತು; ಅವನೊಳಗಿದ್ದದ್ದು ಮೂರು ತಿಂಗಳ ಹಳೆಯ ನಕಲು. ಮಿಕ್ಕದ್ದೆಲ್ಲ ಹೋಯಿತು.

ಸಂಜೆ ಅಕ್ಕ ವರದಿ ಬರೆಯಲು ಕೂತಳು. "ತಮ್ಮನ ದೀಪ ಯಾರು ಹಚ್ಚಿದ್ರು ಅಂತ ಬರೀಲಿ?"

"ನಾನಲ್ಲ ಕಣೇ."

"ನೀನಲ್ಲ. ನಾನಲ್ಲ. ಮತ್ತೆ?"

ಅಕ್ಕ ತನ್ನ ಹೆಸರನ್ನೇ ಬರೆದಳು.

ಮೂರನೇ ದಿನ ಅವಳು ಕೆಲಸ ಕಳೆದುಕೊಂಡು ಮನೆಯಲ್ಲಿದ್ದಳು. ಇವನು ಚೀಲಕ್ಕೆ ಬಟ್ಟೆ ತುರುಕುತ್ತಿದ್ದ. ಹೋಗಬೇಡ ಅಂತ ಅವಳು ಅನ್ನಲಿಲ್ಲ. ಅಷ್ಟರಲ್ಲಿ ಅಕ್ಕನಿಗೆ ಕಂಪನಿಯವನ ಫೋನು, ಇವನೇ ಎತ್ತಿದ. ಯಂತ್ರಗಳು ತಾವೇ ಬರೆದಿಡುವ ದಾಖಲೆ ಓದಿದ್ದನಂತೆ. ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಹಿಂದಿನ ಗುಂಡಿ ಒತ್ತಿ ಅಣ್ಣನ ದೀಪ ಆರಿಸಿದ್ದಾರೆ. ಹಿಂದಿನ ಗುಂಡಿಯನ್ನೇ ಒತ್ತಿ ತಮ್ಮನದು ಹಚ್ಚಿದ್ದಾರೆ. ಎರಡೂ ಒಂದೇ ಸೆಕೆಂಡಿಗೆ.

"ಹಿಂದೆ ಎಷ್ಟು ಜನ ಇದ್ರಿ?" ಅಂತ ಕೇಳಿದ.

ಇವನು ಫೋನ್ ಇಟ್ಟು ಚೀಲದ ಜಿಪ್ ಎಳೆದ. ನಂಬದಿದ್ದರೆ ಬಿಡಿ... ನಡೆದದ್ದಂತೂ ನಡೆದದ್ದೇ.