ಪಾಚಿಗೆ ಬೇಕಾದ ಚಳಿ

ಅಲ್ಲಾ ಓಕ್‌ಬುನಕ್ಕಾ, ಹೀಗೆ ತಲೆ ಬಗ್ಗಿಸಿ ನೆಲ ಒರೆಸ್ತಾ ಇದ್ರೆ ಸತ್ತ ಮರಿಗಳು ಎದ್ದು ಬರ್ತವಾ? ಬಿಡಿ ಆ ಬಟ್ಟೆ! ಮೂರನೇ ತೊಟ್ಟಿ ಪೂರಾ ಹೋಯ್ತು. ಒಂದೊಂದು ಮೀನುಮರಿಯೂ ಅಕ್ಕಿಕಾಳಿನಷ್ಟು... ಬಲೇಲಿ ಎತ್ತಿದ್ದೇ ತಡ, ಬಾಯಿ ತೆರೆದು ಸತ್ತವು. ಬರಿಗೈಲಿ ಬಾಚಿದೀನಿ. ಗ್ಲೌಸು ಬೇರೆ ಕಾಣ್ತಿಲ್ಲ, ವಾರದಿಂದ ಹುಡುಕ್ತಿದೀನಿ.

ಇನ್ನರ್ಧ ಗಂಟೆಗೆ ಯಜಮಾನರು ಬರ್ತಾರೆ. ಇಬ್ಬರಲ್ಲಿ ಒಬ್ಬರ ಕೆಲಸ ಹೋಗೋದೇ! ಅರವತ್ತೆರಡಾಯ್ತು ನಿಮಗೆ, ಈ ವಾಂದೋ ದ್ವೀಪದಲ್ಲಿ ಇನ್ಯಾರು ಕೆಲಸಕ್ಕೆ ಕರೀತಾರೆ? ಯಾಕೆ ನಗ್ತೀರಿ?

ಮರಿಗೆ ಹುಳ ಹಾಕಿದ್ದು ನಾನು, ಒಪ್ಪಿದೆ. ಆ ಹುಳ ತಿಂದಿದ್ದು ನೀವು ಬೆಳೆಸಿದ ಪಾಚಿ! ಬಂದವರಿಗೆಲ್ಲ ಪಾಠ ಮಾಡೋದು ನೀವೇ ತಾನೆ? ಮರಿ ಬದುಕೋಕೆ ಬೇಕಾದ ಎಣ್ಣೆ ಮೀನಿಗೆ ಮಾಡ್ಕೊಳ್ಳೋಕೆ ಬರಲ್ಲ, ಪಾಚಿಗೆ ಬರುತ್ತೆ ಅಂತ. ನೆಟ್ಟಗಿರೋ ಕೊಬ್ಬಿನ ಎಳೆ ಹಿಡ್ಕೊಂಡು, ಉದ್ದ ಮಾಡ್ತಾ, ಒಂದೊಂದೇ ಕಡೆ ಬಾಗಿಸ್ತಾ... ಐದು ಬಾಗು! ಯಾಕೆ? ಚಳಿಗೆ! ನೆಟ್ಟಗೇ ಇದ್ರೆ ಹಂದಿಕೊಬ್ಬಿನ ಹಾಗೆ ಹೆಪ್ಪುಗಟ್ಟುತ್ತೆ, ಬಾಗಿದ್ರೆ ಮೈ ಸಡಿಲ ಇರುತ್ತೆ, ಚಳಿ ಇಲ್ದಿದ್ರೆ ಪಾಚಿ ಬಾಗಿಸೋದೇ ಇಲ್ಲ ಅಂತ. ನೋಡಿ, ಎಲ್ಲ ಬಾಯಿಪಾಠ!

ಮತ್ತೆ ಈ ಸಲ ಯಾಕೆ ಮಾಡ್ಲಿಲ್ಲ? ನೋಡೋಕೆ ಕಡುಹಸಿರು, ಒಳಗೆ ಹುರುಳಿಲ್ಲ! ಶನಿವಾರದಿಂದ ಮೂರು ದಿನ ತಂಗಿ ಮನೇಲಿ ಚಳಿಗಾಲಕ್ಕೆ ಕೋಸಿನ ಕಿಮ್ಚಿ ಉಪ್ಪಿನಕಾಯಿ ಹಾಕೋಕೆ ಹೋದ್ರಿ. ಪಾಚಿಕೋಣೆ ಬೀಗದಕೈ... ಹೂಂ, ನನಗೇ ಕೊಟ್ರಿ, ಅದಕ್ಕೇನೀಗ? "ಏಯ್ ಮಾನ್‌ಸಿಕ್, ಪಾಚಿ ದುಪ್ಪಟ್ಟು ಬೇಕು" ಅಂತ ಫೋನಲ್ಲಿ ಯಜಮಾನರ ಹತ್ರ ಬೈಸ್ಕೊಂಡಿದ್ದು ಯಾರು? ನಾನು! ಬೆಚ್ಚಗಿಟ್ರೆ ಬೇಗ ಹೆಚ್ಚುತ್ತೆ, ಅದು ಯಾರಿಗೆ ಗೊತ್ತಿಲ್ಲ... ಹಾಗಂತ ನಾನೇ ಇಟ್ಟೆ ಅಂದ್ನಾ? ಅಂದ್ನಾ?

ಬೈಯಿರಿ ಬೇಕಾದ್ರೆ! ಜೇಬಲ್ಲಿ ಏನು ತಡಕಾಡ್ತೀರಿ?

...ನನ್ನ ಗ್ಲೌಸು! ಎಲ್ಲಿ ಸಿಕ್ತು?

ಪಾಚಿಕೋಣೆ ಹೀಟರ್ ಮೇಲೆ ಒಣಹಾಕಿ ಮರೆತಿದ್ದೆ. ಮಂಗಳವಾರ ನೀವು ಬಂದಾಗಲೇ ಸಿಕ್ಕಿತ್ತಾ? ಹೀಟರ್ ಆರಿಸಿದ್ದೂ ನೀವೇನಾ? ಎಲ್ಲ ಗೊತ್ತಿದ್ದೂ, ನಾಲ್ಕು ದಿನ ನಾನು ಕೂಗಾಡಿದ್ದನ್ನೆಲ್ಲ ಕೇಳ್ಕೊಂಡು... ಬೆರಳ ಹತ್ರ ಸುಟ್ಟುಹೋಗಿದ್ದನ್ನ ಹೊಲಿದೂ ಇಟ್ಟಿದೀರಲ್ಲ, ಅಕ್ಕಾ! ನನಗೆ ನಾಚಿಕೆಯಾಗ್ತಿದೆ.

ಅಗೋ, ಯಜಮಾನರ ಗಾಡಿ. ಎಲ್ಲಿಗೆ ಎದ್ರಿ? ಕೂತ್ಕೊಳ್ಳಿ. ಕೂತ್ಕೊಳ್ಳಿ ಅಂದ್ನಲ್ಲ! ಕೊಡಿ ಇಲ್ಲಿ ಆ ಗ್ಲೌಸು... ಇದನ್ನ ಹಾಕ್ಕೊಂಡೇ ಹೋಗ್ತೀನಿ, ಹೀಟರ್ ಹಚ್ಚಿದ್ದು ಯಾರು ಅಂತ ನಾನೇ ಹೇಳ್ತೀನಿ.